ಭುಜ ಅಗಲ ಇದ್ರೆ ಹೆಣ್ಣಲ್ವಾ? ಓದುಗರ ಪತ್ರಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಟ್ರಾನ್ಸ್ ಹೆಣ್ಮಕ್ಕಳದ್ದೇ (ಹುಟ್ಟಿದಾಗ ಗಂಡು ಅಂತ ಬರೆಸಿದ್ರೂ ಹೆಣ್ಣಾಗಿ ಬಾಳೋರದ್ದು) ಜಾಸ್ತಿ, ಅದ್ರಲ್ಲೂ ಮೈಕಟ್ಟಿನ ಬಗ್ಗೆ ಬರೆದೋರೇ ಹೆಚ್ಚು. ಹಂಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಪೂರ್ತಿ ಜಾಗ ಇವಕ್ಕೇ ಕೊಡ್ತಿದೀನಿ. ಯಾರು ಅಂತ ಗೊತ್ತಾಗೋ ವಿವರಗಳನ್ನೆಲ್ಲಾ ತೆಗೆದಿದೀನಿ.

ಪ್ರಶ್ನೆ: ಅಕ್ಕಾ, ನಂಗೆ 24 ವರ್ಷ, ಊರು ದಾವಣಗೆರೆ ಕಡೆ, ಈಗ ಬೆಂಗಳೂರಲ್ಲಿ ಕಾಲ್ ಸೆಂಟರ್ ಕೆಲ್ಸ, ನೈಟ್ ಶಿಫ್ಟ್. ಹಾರ್ಮೋನ್ ಶುರು ಮಾಡಿ ವರ್ಷದ ಮೇಲಾಯ್ತು. ಎದೆ ಸ್ವಲ್ಪ ಬಂದಿದೆ, ಚರ್ಮ ಮೆತ್ತಗಾಗಿದೆ, ಆದ್ರೆ ಭುಜ ಹಂಗೇ ಅಗಲ, ಹಿಪ್ಸ್ ಅನ್ನೋದೇ ಇಲ್ಲ. ರೀಲ್ಸಲ್ಲಿ ನನ್ ವಯಸ್ಸಿನ ಟ್ರಾನ್ಸ್ ಹುಡ್ಗೀರನ್ನ ನೋಡಿದ್ರೆ ಒಳಗೇ ಕುಸಿದು ಹೋಗ್ತೀನಿ. ಮನೇಲಿ ಜೊತೇಲಿರೋ ಟ್ರಾನ್ಸ್ ಹುಡ್ಗೀರೇ ತಮಾಷೆಗೆ ಪೈಲ್ವಾನ್ ಅಂತ ಕರೀತಾರೆ. ಸೊಂಟ ಸಣ್ಣ ಆಗ್ಲಿ ಅಂತ ಒಂದ್ಹೊತ್ತಿನ ಊಟ ಬಿಟ್ಟಿದೀನಿ. ಪರಿಚಯದವ್ರೊಬ್ರು ಹಿಪ್ಸಿಗೆ ಸಿಲಿಕಾನ್ ಇಂಜೆಕ್ಷನ್ ಹಾಕೋರು ಗೊತ್ತಿದಾರೆ ಅಂದ್ರು, ಮನೇಲೇ ಹಾಕ್ತಾರಂತೆ, ದುಡ್ಡೂ ಕಮ್ಮಿಯಂತೆ. ಹಾಕಿಸ್ಕೊಳ್ಲಾ? ಇಲ್ಲಾ ಮಾತ್ರೇನೇ ಡಬಲ್ ಮಾಡ್ಲಾ? ಮೊನ್ನೆ ಬೇಲೂರಿಗೆ ಹೋಗಿದ್ವಿ, ಆ ಶಿಲಾಬಾಲಿಕೆಯರನ್ನ ನೋಡ್ತಾ ನೋಡ್ತಾ ಅಳು ಬಂದ್ಬಿಡ್ತು ಅಕ್ಕಾ.

ಉತ್ತರ: ತಂಗೀ, ಮೊದ್ಲು ಇಂಜೆಕ್ಷನ್ ವಿಷ್ಯ, ಯಾಕಂದ್ರೆ ಉಳಿದಿದ್ದೆಲ್ಲಾ ನಿಧಾನಕ್ಕೆ ಮಾತಾಡ್ಬೋದು, ಇದು ಹಂಗಲ್ಲ. ಹಾಕಿಸ್ಕೋಬೇಡ. ಎದೆ ಆಪರೇಷನಲ್ಲಿ ಇಡೋ ಸಿಲಿಕಾನ್ ಬೇರೆ, ಅದು ಗಟ್ಟಿ ಚೀಲದೊಳಗೆ ಇರುತ್ತೆ, ಬೇಕಾದ್ರೆ ತೆಗೀಬೋದು. ಮನೇಲಿ ಸೂಜಿಯಿಂದ ಹಾಕೋದು ಬಿಡಿ ದ್ರವ, ಎಷ್ಟೋ ಸಲ ಅದು ಮನುಷ್ಯರ ಮೈಗೆ ಅಂತ ಮಾಡಿದ್ದೇ ಆಗಿರಲ್ಲ, ಕಾರ್ಖಾನೆ ಮಾಲು. ಅದು ಹಾಕಿದ ಕಡೆ ಕೂರಲ್ಲ, ತೊಡೆಗೆ ಇಳಿಯುತ್ತೆ, ಗಂಟು ಕಟ್ಟುತ್ತೆ, ವರ್ಷಗಳಾದ್ಮೇಲೆ ಕೀವಾಗುತ್ತೆ, ಪೂರ್ತಿ ತೆಗೆಯೋಕೆ ಯಾವ ಸರ್ಜನ್ ಕೈಲೂ ಕಷ್ಟ. ರಕ್ತನಾಳದೊಳಗೆ ಹೋದ್ರೆ ಶ್ವಾಸಕೋಶಕ್ಕೆ ಸೇರಿ ಪ್ರಾಣಾನೇ ಹೋಗ್ಬೋದು, ಲೋಕದ ಎಷ್ಟೋ ಊರಲ್ಲಿ ನಮ್ಮಂಥ ಹೆಣ್ಮಕ್ಕಳು ಹೀಗೇ ಸತ್ತಿದಾರೆ. ನಿನ್ ಗುರುತಿನೋರು ಯಾರಾದ್ರೂ ಆಗ್ಲೇ ಹಾಕಿಸ್ಕೊಂಡಿದ್ರೆ ಅವ್ರಿಗೆ ಬೈಬೇಡ. ಉಸಿರು ಕಟ್ಟೋದು, ಎದೆ ನೋವು, ಹಾಕಿದ ಜಾಗ ಕೆಂಪಾಗಿ ಜ್ವರ ಬರೋದು, ಇವುಗಳಲ್ಲಿ ಒಂದು ಕಂಡ್ರೂ ನೇರ ಎಮರ್ಜೆನ್ಸಿಗೆ ಹೋಗಿ ಏನು ಹಾಕಿಸ್ಕೊಂಡಿದೀನಿ ಅಂತ ಮುಚ್ಚಿಡದೆ ಹೇಳೋಕೆ ಹೇಳು, ನಾಚ್ಕೆಪಟ್ಟು ಮುಚ್ಚಿಟ್ರೆ ಡಾಕ್ಟರು ಬೇರೆಲ್ಲೋ ಹುಡುಕ್ತಾ ಕೂರ್ತಾರೆ.

ಇನ್ನು ಮಾತ್ರೆ ಡಬಲ್ ಮಾಡೋದು. ನಿನ್ ಮೈ ಈಸ್ಟ್ರೋಜನನ್ನ, ಅಂದ್ರೆ ಹೆಣ್ಣು ಹಾರ್ಮೋನನ್ನ, ಒಂದು ಮಟ್ಟದ ತನಕ ಬಳಸ್ಕೊಳ್ಳುತ್ತೆ, ಅದರಾಚೆ ಸುರಿದ್ರೆ ಹಿಪ್ಸ್ ಬೇಗ ಬರಲ್ಲ, ರಕ್ತ ಹೆಪ್ಪುಗಟ್ಟೋ ಅಪಾಯ ಮಾತ್ರ ಏರುತ್ತೆ. ಸಿಗರೇಟ್ ಸೇದಿದ್ರೆ ಇನ್ನೂ ಜಾಸ್ತಿ. ಮೆಡಿಕಲ್ ಶಾಪಲ್ಲಿ ಚೀಟಿ ಕೇಳ್ದೆ ಕೊಡೋ ಗರ್ಭನಿರೋಧಕ ಮಾತ್ರೆ ನುಂಗೋರು ನಮ್ಮಲ್ಲಿ ತುಂಬಾ ಜನ, ನೀನು ಯಾವ್ದು ತಗೊಳ್ತಿದೀಯ ಅಂತ ಬರೆದಿಲ್ಲ, ಅದಕ್ಕೇ ಹೇಳ್ತೀನಿ. ಅದ್ರಲ್ಲಿರೋ ಎಥಿನೈಲ್ ಈಸ್ಟ್ರಾಡಿಯಾಲ್ ಅನ್ನೋದು ಬೇರೆ ಜಾತಿ ಈಸ್ಟ್ರೋಜನ್, ಹೆಪ್ಪುಗಟ್ಟೋ ಅಪಾಯ ಜಾಸ್ತಿ ಅಂತಾನೇ ಗೊತ್ತಿರೋ ಡಾಕ್ಟರುಗಳು ನಮಗೆ ಅದನ್ನ ಕೊಡಲ್ಲ. ಒಂದೇ ಕಾಲಿನ ಮೀನಖಂಡ ಊದಿ ನೋವು ಬಂದ್ರೆ ನಾಳೆ ನೋಡೋಣ ಅನ್ಬೇಡ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಆಗ್ಬೇಕಿತ್ತು, ಆಗಿಲ್ಲ ಅಂದ್ರೆ ಈ ವಾರಾನೇ ಎಂಡೋಕ್ರೈನಾಲಜಿ (ಹಾರ್ಮೋನ್ ನೋಡೋ) ಡಾಕ್ಟರ ಹತ್ರ ಹೋಗು, ಕೆಲವು ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲೂ ಈ ವಿಭಾಗ ಇರುತ್ತೆ.

ಈಗ ನೀನು ಬಿಟ್ಟಿರೋ ಊಟ. ಇದನ್ನ ಓದಿ ನಂಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಆಯ್ತು, ಯಾಕಂದ್ರೆ ನೀನು ಕೇಳ್ತಿರೋದಕ್ಕೂ ಮಾಡ್ತಿರೋದಕ್ಕೂ ತದ್ವಿರುದ್ಧ. ಹಾರ್ಮೋನಿಂದ ಹಿಪ್ಸ್ ಬರೋದು ಅಂದ್ರೆ ಮೂಳೆ ಅಗಲ ಆಗೋದಲ್ಲ, ಮೈಯಲ್ಲಿ ಕೂಡೋ ಕೊಬ್ಬು ಹೊಟ್ಟೆ ಕಡೆ ಹೋಗೋ ಬದ್ಲು ತೊಡೆ, ಹಿಂಭಾಗದ ಕಡೆ ಹೋಗೋದು. ಕೊಬ್ಬೇ ಇಲ್ದಿದ್ರೆ ಏನು ಹೋಗ್ಬೇಕು? ಹಿಟ್ಟಿಲ್ದೆ ರೊಟ್ಟಿ ತಟ್ಟೋಕಾಗಲ್ಲ ತಂಗಿ. ಈ ಬದಲಾವಣೆ ಶುರು ಆಗೋದೇ ಮೂರರಿಂದ ಆರು ತಿಂಗಳಿಗೆ, ಪೂರ್ತಿಯಾಗೋಕೆ ಎರಡು ವರ್ಷ, ಮೂರು ವರ್ಷ, ಕೆಲವ್ರಿಗೆ ಐದು ವರ್ಷ. ನೀನಿನ್ನೂ ಅರ್ಧ ದಾರೀಲಿದೀಯ, ಈ ಹೊತ್ತಲ್ಲಿ ಹಸ್ಕೊಂಡಿರೋದು ನಿನಗೆ ನೀನೇ ಅಡ್ಡ ನಿಂತಂಗೆ. ಇನ್ನೊಂದು, ಗಂಡು ಹಾರ್ಮೋನ್ ತಡೆಯೋಕೆ ಸ್ಪೈರೊನೊಲ್ಯಾಕ್ಟೋನ್ ತಗೊಳ್ತಿದ್ರೆ ಅದು ಬಿಪಿ ಇಳಿಸುತ್ತೆ, ಪೊಟ್ಯಾಸಿಯಂ ಏರಿಸುತ್ತೆ. ನೈಟ್ ಶಿಫ್ಟಲ್ಲಿ ಖಾಲಿ ಹೊಟ್ಟೆ ಬೇರೆ ಆದ್ರೆ ತಲೆ ಸುತ್ತಿ ಬಿದ್ದೀಯ. ಮುದ್ದೆಯೋ ಅನ್ನವೋ ಚಪಾತಿಯೋ, ಜೊತೆಗೆ ಬೇಳೆ, ಮೊಟ್ಟೆ, ಮೊಸರು, ಹೊಟ್ಟೆ ತುಂಬ ತಿನ್ನು. ಟ್ರಾನ್ಸ್ ಜನರಲ್ಲಿ ಊಟ ಬಿಡೋದು, ತಿಂದು ವಾಂತಿ ಮಾಡೋದು ಬೇರೆಯವ್ರಿಗಿಂತ ಜಾಸ್ತಿ ಅಂತ ಸಂಶೋಧನೆಗಳೂ ಹೇಳ್ತವೆ, ಇದು ನಿನ್ನೊಬ್ಬಳ ಹುಚ್ಚಲ್ಲ. ತಿನ್ಬೇಕು ಅನ್ಕೊಂಡ್ರೂ ತುತ್ತು ಇಳೀತಿಲ್ಲ ಅಂದ್ರೆ ಅದು ಡಯಟ್ ಅಲ್ಲ, ಕಾಯಿಲೆ ಶುರುವಾಗ್ತಿದೆ ಅಂತ. ಆಗ 14416ಕ್ಕೆ ಫೋನ್ ಮಾಡು, ಮನಸ್ಸಿನ ಆರೋಗ್ಯಕ್ಕೆ ಅಂತ ಇರೋ ಸರ್ಕಾರದ ಟೆಲಿ ಮಾನಸ್ ಅದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬೋದು.

ಭುಜದ ವಿಷ್ಯ ನೇರವಾಗಿ ಹೇಳ್ತೀನಿ, ಸುಳ್ಳು ಸಮಾಧಾನ ನಿಂಗೆ ಬೇಡ. ಮೂಳೆ ಬೆಳೆದು ಕೂಡಿಕೊಂಡ ಮೇಲೆ ಯಾವ ಮಾತ್ರೇನೂ ಅದನ್ನ ಕಿರಿದು ಮಾಡಲ್ಲ. ಎತ್ತರ, ಭುಜದ ಮೂಳೆ, ಅಂಗೈ, ಪಾದ, ಒಡೆದ ದನಿ, ಇವನ್ನ ಹಾರ್ಮೋನ್ ಹಿಂದಕ್ಕೆ ತರಲ್ಲ. ಆದ್ರೆ ಮೂಳೆ ಮೇಲಿನ ಸ್ನಾಯು ಕರಗುತ್ತೆ, ಒಂದೆರಡು ವರ್ಷದಲ್ಲಿ ಭುಜದ ಗುಂಡಗಿನ ದಪ್ಪ ಇಳಿಯುತ್ತೆ. ಇಷ್ಟೇ ಇರೋದು. ಕೇಳೋಕೆ ಕಷ್ಟ, ಗೊತ್ತು. ಯಾವ್ದು ಬದಲಾಗುತ್ತೆ ಯಾವ್ದು ಇಲ್ಲ ಅಂತ ಗೊತ್ತಿಲ್ದೇ ಇದ್ರೆ ಪ್ರತಿ ಬೆಳಗ್ಗೆ ಕನ್ನಡಿ ಮುಂದೆ ನಿಂತು ಮೂಳೆ ಹತ್ರ ಉತ್ತರ ಕೇಳ್ತಾ ಇರ್ತೀಯ.

ಬೇಲೂರಿನ ಮಾತು ಬರೆದೆಯಲ್ಲ, ನಂಗೂ ಆ ಗುಡಿ ಅಂದ್ರೆ ಪ್ರಾಣ. ಹೊಯ್ಸಳರ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ್ದು, ಕನ್ನಡಿ ಹಿಡ್ಕೊಂಡು ನಿಂತಿರೋ ದರ್ಪಣ ಸುಂದರಿ ಮುಂದೆ ಎಷ್ಟು ಜನ ಫೋಟೋ ತೆಗೆಸ್ಕೊಳ್ತಾರೆ! ಆ ಸೊಂಟ, ಆ ಎದೆ ಶಿಲ್ಪಿ ಮನಸ್ಸಲ್ಲಿ ಹುಟ್ಟಿದ್ದು. ಉಳಿಗೆ ಮಣಿಯೋ ಮೆತ್ತನೆ ಕಲ್ಲಲ್ಲಿ ಕಡೆದಿದ್ದು ಅದು, ಆ ಅಳತೆಯ ಹೆಂಗಸು ಆಗಿನ ಕಾಲದಲ್ಲೂ ಬೀದೀಲಿ ಓಡಾಡಿರಲ್ಲ. ಹೆಣ್ಣಾಗಿ ಹುಟ್ಟಿದೋರಿಗೂ ಅದು ಸಿಗದ ಅಳತೆ. ಅದೇ ಗುಡಿ ಒಳಗೆ ಕಂಬದಲ್ಲಿ ಮೋಹಿನಿ ಇದಾಳೆ, ನೋಡಿದ್ಯಾ? ವಿಷ್ಣು ಹೆಣ್ಣಾಗಿ ಬಂದ ರೂಪ. ನಮ್ಮೋರು ತಮಿಳರ ಚಿತ್ತಿರೈ ತಿಂಗಳ ಹುಣ್ಣಿಮೆಗೆ ತಮಿಳುನಾಡಿನ ಕೂವಾಗಮ್‌ಗೆ ಹೋಗಿ ಮಹಾಭಾರತದ ಅರವಾನನ ಹೆಸರಲ್ಲಿ ತಾಳಿ ಕಟ್ಟಿಸ್ಕೊಳ್ತಾರಲ್ಲ, ಆ ಕಥೇಲಿ ಅರವಾನನ್ನ ಮದ್ವೆ ಆಗೋಳೂ ಈ ಮೋಹಿನಿಯೇ. ಆ ಜಾತ್ರೆ ಹೊತ್ತಿಗೆ ವಿಲ್ಲುಪುರಂನಲ್ಲಿ ಮಿಸ್ ಕೂವಾಗಮ್ ಸ್ಪರ್ಧೆ ನಡೆಯುತ್ತೆ, ವರ್ಷವೆಲ್ಲಾ ಬೈಗುಳ ತಿಂದೋರಿಗೆ ಅವತ್ತು ವೇದಿಕೆ ಮೇಲೆ ಚಪ್ಪಾಳೆ ಸಿಗುತ್ತೆ, ಅದನ್ನ ನಾನು ಯಾವತ್ತೂ ಕೀಳಾಗಿ ಮಾತಾಡಲ್ಲ. ಆದ್ರೆ ಎತ್ತರ, ಬಣ್ಣ, ಸೊಂಟ ನೋಡಿ ಯಾರು ಪೂರ್ತಿ ಹೆಣ್ಣು ಯಾರು ಅರ್ಧ ಅಂತ ಲೆಕ್ಕ ಹಾಕೋ ಅಭ್ಯಾಸ ವೇದಿಕೆ ಇಳಿದ್ಮೇಲೂ ನಮ್ಮ ಮನೆಗಳೊಳಗೆ ಬಂದು ಕೂತ್ಬಿಟ್ಟಿದೆ. ರೀಲ್ಸ್ ಅದಕ್ಕೆ ಇನ್ನೂ ಗಾಳಿ ಹಾಕ್ತಿದೆ. ಆ ಹುಡ್ಗೀರಲ್ಲಿ ಪ್ಯಾಡ್ ಹಾಕಿದೋರೆಷ್ಟು, ಫಿಲ್ಟರ್ ಹಾಕಿದೋರೆಷ್ಟು, ಹದಿನೆಂಟಕ್ಕೇ ಹಾರ್ಮೋನ್ ಸಿಕ್ಕೋರೆಷ್ಟು, ಅಪ್ಪ ಅಮ್ಮನೇ ಜೊತೆ ನಿಂತು ಖರ್ಚು ಮಾಡಿದೋರೆಷ್ಟು, ಒಂದೂ ನಿನ್ ಫೋನಲ್ಲಿ ಕಾಣಲ್ಲ.

ಇಷ್ಟು ಹೇಳಿ ನಿನ್ನ ನೀನೇ ಪ್ರೀತಿಸ್ಕೋ ಅಂತ ಮುಗಿಸಿದ್ರೆ ನಿಂಗೆ ಮೋಸ ಮಾಡಿದಂಗೆ. ನಾನೂ ಇದೇ ಬಾಳು ಬಾಳಿದವಳು, ಮೈಕಟ್ಟು ಬರೀ ಚೆಂದದ ವಿಷ್ಯ ಅಲ್ಲ ಅಂತ ಗೊತ್ತು. ಬಾಡಿಗೆ ಮನೆ ಕೇಳೋಕೆ ಹೋದಾಗ ಓನರ್ ಕಣ್ಣು ಮೊದ್ಲು ಬೀಳೋದು ಭುಜದ ಮೇಲೆ, ಮೆಟ್ರೋ ಚೆಕಿಂಗಲ್ಲಿ ಹೆಂಗಸರ ಲೈನಲ್ಲಿ ನಿಂತ್ರೆ ಮುಂದಿರೋರು ತಿರುಗಿ ನೋಡ್ತಾರೆ, ರಾತ್ರಿ ಶಿಫ್ಟ್ ಮುಗಿಸಿ ಕ್ಯಾಬ್ ಇಳಿದ್ರೆ ಎದೆ ಢವಢವ. ಯಾರಿಗೂ ಗೊತ್ತಾಗ್ದಂಗೆ ಇರ್ಬೇಕು ಅನ್ನೋದು ಎಷ್ಟೋ ಸಲ ಆಸೆ ಅಲ್ಲ, ಭಯ. ಹಂಗಾಗಿ ಒಂದ್ ಕೆಲ್ಸ ಮಾಡು. ಯಾರೂ ನೋಡದಿರೋ ಕಡೆ, ಬಾಗಿಲು ಹಾಕ್ಕೊಂಡು ನೀನೊಬ್ಳೇ ಇದ್ದಾಗಲೂ ಬೇಕು ಅನ್ಸೋದು ಯಾವ್ದು, ರಸ್ತೆಗೆ ಇಳಿದಾಗ ಮಾತ್ರ ಬೇಕು ಅನ್ಸೋದು ಯಾವ್ದು, ಪೈಲ್ವಾನ್ ಅಂದೋರ ಬಾಯಿ ಮುಚ್ಚಿಸೋಕೆ ಬೇಕು ಅನ್ಸೋದು ಯಾವ್ದು, ಬಿಡಿಸಿ ನೋಡು. ಮೊದಲನೇದು ನಿಂದು, ಅದನ್ನ ಡಾಕ್ಟರ ಹತ್ರ ಮಾತಾಡು, ಕಾಯಿ, ದುಡ್ಡು ಕೂಡಿಡು. ರಸ್ತೆಗೆ ಬೇಕಾಗಿದ್ದಕ್ಕೆ ಹಿಪ್ ಪ್ಯಾಡ್ ಸಾಕು, ಒಳ್ಳೆ ಬಟ್ಟೆ ಸಾಕು, ಸೂಜಿ ಬೇಡ. ಮೂರನೇದಕ್ಕೆ ನೀನು ಮೈ ಕೊಯ್ಸ್ಕೊಳ್ಳೋ ಅಗತ್ಯ ಇಲ್ಲ, ಆ ಮಾತು ನಂಗೆ ನೋಯುತ್ತೆ, ನಾಳೆಯಿಂದ ಬೇಡ ಅಂತ ನೇರ ಹೇಳು. ಅವ್ರೂ ಇದೇ ಅಳತೆಪಟ್ಟಿಯಿಂದ ಏಟು ತಿಂದೋರೇ ತಂಗಿ, ಚಿಮ್ಟದಲ್ಲಿ ಗಡ್ಡ ಕಿತ್ತು ಕಿತ್ತು ಮುಖ ಉರಿಸ್ಕೊಂಡು ಬೆಳೆದೋರು, ಹೇಳಿದ್ರೆ ಅರ್ಥ ಆಗುತ್ತೆ. ಆಗ್ಲಿಲ್ಲ ಅಂದ್ರೆ ಬೇರೆ ಮನೆ ನೋಡೋದೂ ಒಂದು ಚಿಕಿತ್ಸೇನೇ.

ಪ್ರಶ್ನೆ: ನಾನು ಶಿವಮೊಗ್ಗದ ಒಬ್ಬ ತಾಯಿ. ಮಗ ಅಂತ ಸಾಕಿದ ಮಗು ಈಗ ಮಗಳು ಅಂತಿದಾಳೆ, ನಾವು ಗಂಡ ಹೆಂಡತಿ ತುಂಬಾ ಅತ್ತಾದ್ಮೇಲೆ ಒಪ್ಕೊಂಡ್ವಿ. ಈಗಿನ ಕಷ್ಟ ಏನಂದ್ರೆ ಯಾವಾಗ್ಲೂ ಕನ್ನಡಿ ಮುಂದೆ, ಇಲ್ಲಾ ಕನ್ನಡಿಗೆ ಬಟ್ಟೆ ಮುಚ್ಚಿ ಕೂತಿರ್ತಾಳೆ. ಚೆನ್ನಾಗೇ ಇದೀಯ ಬಿಡೇ ಅಂದ್ರೆ ಸಿಟ್ಟಾಗ್ತಾಳೆ. ಹೆಂಗೆ ಮಾತಾಡ್ಸೋದು? ಇದು ಮಾನಸಿಕ ಕಾಯಿಲೇನಾ?

ಉತ್ತರ: ಅಮ್ಮಾ, ಮೊದ್ಲು ನಿಮಗೂ ನಿಮ್ ಯಜಮಾನ್ರಿಗೂ ಕೈ ಮುಗೀತೀನಿ, ನೀವು ಮಾಡಿರೋದು ಸಣ್ಣ ಕೆಲ್ಸ ಅಲ್ಲ. ಅವಳು ಹೆಣ್ಣು ಅನ್ನೋದು ಕಾಯಿಲೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಹೊಸ ಪಟ್ಟೀಲಿ ಇದನ್ನ ಮಾನಸಿಕ ಕಾಯಿಲೆಗಳ ಸಾಲಿಂದ ತೆಗೆದಿದೆ, 2022ರಿಂದ ಆ ಪಟ್ಟಿ ಜಾರಿಯಲ್ಲಿದೆ. ಆದ್ರೆ ಮೈ ನೋಡಿ ಪಡೋ ಸಂಕಟ ನಿಜ, ಅದು ಮಿತಿ ಮೀರಿದ್ರೆ ಮನಸ್ಸು ಕುಗ್ಗುತ್ತೆ, ಅದಕ್ಕೆ ಆರೈಕೆ ಬೇಕು.

ನೀವು ಚೆನ್ನಾಗಿದೀಯ ಅಂದಾಗ ಅವಳಿಗೆ ಕೇಳ್ಸೋದು ನಿನ್ ಸಂಕಟ ಸುಳ್ಳು ಅಂತ. ಅದರ ಬದ್ಲು, ಇವತ್ತು ತುಂಬಾ ಕಷ್ಟ ಆಗ್ತಿದ್ಯಾ ಮಗಳೇ ಅಂತ ಕೇಳಿ, ಉತ್ತರಕ್ಕೆ ಕಾಯಿರಿ, ಪರಿಹಾರ ಹೇಳೋಕೆ ಅವಸರ ಬೇಡ. ಮಗಳೇ ಅನ್ನೋ ಪದ ಅವಳಿಗೆ ಯಾವ ಹೊಗಳಿಕೆಗಿಂತಲೂ ದೊಡ್ಡದು. ಮೈ ಬಗ್ಗೆ ಒಳ್ಳೇದೋ ಕೆಟ್ಟದ್ದೋ ಯಾವ ಮಾತೂ ಸ್ವಲ್ಪ ದಿನ ಬೇಡ, ನೆಂಟರಿಗೂ ಹೇಳಿಡಿ, ದಪ್ಪ ಆದೆ ಸಣ್ಣ ಆದೆ ಅಂತ ಬಾಗಿಲಲ್ಲೇ ಶುರು ಮಾಡೋ ಅತ್ತೆಯರು ಎಲ್ಲಾ ಮನೇಲೂ ಇರ್ತಾರೆ. ನಿಮ್ಮ ಬಗ್ಗೆ ನೀವೂ ಅವಳೆದುರು ಅಯ್ಯೋ ನಾನು ಹಿಂಗಾದ್ನಲ್ಲ, ಕುತ್ತಿಗೆ ನೋಡು ಸುಕ್ಕು ಅಂತ ಅನ್ಬೇಡಿ, ಹೆಣ್ಣಾಗೋದು ಅಂದ್ರೆ ದಿನಾ ತನ್ನ ಮೈಯನ್ನ ಬೈಕೊಳ್ಳೋದು ಅಂತ ಹೆಣ್ಮಕ್ಕಳು ಕಲಿಯೋದು ಅಮ್ಮಂದಿರಿಂದಲೇ ಜಾಸ್ತಿ. ಅಜ್ಜಿ, ಸೋದರತ್ತೆಯರ ಹಳೇ ಫೋಟೋ ಇದ್ರೆ ಹೊರಗೆ ತೆಗೀರಿ. ನಿಮ್ಮ ವಂಶದ ಹೆಂಗಸ್ರಲ್ಲಿ ಎತ್ತರದೋರು, ಅಗಲ ಭುಜದೋರು, ದೊಡ್ಡ ಪಾದದೋರು ಇದ್ದೇ ಇರ್ತಾರೆ, ಅವಳ ಭುಜ ಯಾರಿಂದ ಬಂತು ಅಂತ ಗೊತ್ತಾದ್ರೆ ಅದು ಗಂಡಸಿನ ಭುಜ ಅಲ್ಲ, ಅಜ್ಜಿ ಭುಜ ಆಗುತ್ತೆ. ಊಟ ನಿದ್ದೆ ಕೆಟ್ರೆ, ಸಾಯೋ ಮಾತು ಬಂದ್ರೆ ಅವತ್ತೇ ಮನೋವೈದ್ಯರ ಹತ್ರ ಕರ್ಕೊಂಡ್ಹೋಗಿ. ಮತ್ತೆ ಗಂಡು ಮಾಡ್ತೀನಿ ಅನ್ನೋ ಡಾಕ್ಟರು ಸಿಕ್ರೆ ಎದ್ದು ಬನ್ನಿ.

ಪ್ರಶ್ನೆ: ಶರಣ್ರೀ. ನಾವು ಕೊಪ್ಪಳ ಕಡೇರು, ವಯಸ್ಸು ಐವತ್ತರ ಹತ್ರ. ಸಣ್ಣಾಕಿದ್ದಾಗನ ಹುಲಿಗೆಮ್ಮನ ಹೆಸರಿಲೆ ಮುತ್ತು ಕಟ್ಟಿಸಿಕೊಂಡು ದೇವಿಗೆ ಮೀಸಲಾದಾಕಿ, ಸೀರಿ ಉಡ್ತೇನಿ, ಕೊಡ ಹೊರ್ತೇನಿ, ಚೌಡಕಿ ಪದ ಹಾಡ್ತೇನಿ. ಮೈಯಾಗ ಏನೂ ಮಾಡಿಸಿಕೊಂಡಿಲ್ಲ, ಗುಳಿಗಿನೂ ತಗೊಂಡಿಲ್ಲ. ಬೆಂಗಳೂರಿಂದ ಬಂದ ಹುಡಿಗ್ಯಾರು ನನ್ನ ನೋಡಿ, ನೀ ಇನ್ನಾ ಪೂರ್ತಿ ಆಗಿಲ್ಲ ಬಿಡು ಅಂದ್ರು. ಬಾಳ ನೋವಾತ್ರಿ. ಈ ವಯಸ್ಸಿನಾಗ ನಿರ್ವಾಣ, ಅಂದ್ರ ಗಂಡಸಿನ ಅಂಗ ತೆಗಸೂ ಆಪರೇಷನ್, ಮಾಡಿಸ್ಬೇಕೇನು?

ಉತ್ತರ: ಶರಣು ತಾಯಿ. ಯಾರದೋ ಮಾತಿಗೆ ಅಂತಾದ್ರೆ ಬೇಡ. ಜೋಗಪ್ಪ, ಜೋಗಮ್ಮ ಅನ್ನಿಸ್ಕೊಳ್ಳೋ ನಿಮ್ಮ ಪರಂಪರೇಲಿ ಮುತ್ತು ಕಟ್ಟಿಸ್ಕೊಂಡು ಸೀರೆ ಉಟ್ರೆ ಆಯ್ತು, ಕತ್ತರಿ ಹಾಕಿಸ್ಕೊಳ್ಲೇಬೇಕು ಅನ್ನೋ ಕಟ್ಟು ಇಲ್ಲ. ನಿರ್ವಾಣದ ಮಾತು ಬಂದಿದ್ದು ಹಿಜಡಾ ಸಮುದಾಯದ ಕಡೆಯಿಂದ, ಅದು ಅವರ ದಾರಿ, ಅದಕ್ಕೂ ಗೌರವ ಇದೆ, ಆದ್ರೆ ಒಂದು ದಾರಿಯ ಅಳತೆ ಇನ್ನೊಂದಕ್ಕೆ ಹಿಡಿಯೋದು ತಪ್ಪು. ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಕೇಸಿನ ತೀರ್ಪಲ್ಲಿ ಹೇಳಿದ್ದೂ ಇದನ್ನೇ, ಲಿಂಗ ಯಾವ್ದು ಅಂತ ಹೇಳ್ಕೊಳ್ಳೋ ಹಕ್ಕು ಆ ಮನುಷ್ಯರದ್ದು, ಆಪರೇಷನ್ ಆಗಿದ್ರೇನೇ ಒಪ್ತೀವಿ ಅನ್ನೋಹಂಗಿಲ್ಲ.

ಮಂಜಮ್ಮ ಜೋಗತಿಯವರು ಗೊತ್ತಲ್ಲ, ನಿಮ್ಮ ಸೀಮೆಯೋರೇ, ಜೋಗತಿ ಕುಣಿತದಿಂದಲೇ ಜಾನಪದ ಅಕಾಡೆಮಿ ಅಧ್ಯಕ್ಷರಾದ್ರು, 2021ರಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ತಗೊಳ್ಳೋಕೆ ಹೋದಾಗ ಸೆರಗಿಂದ ಅವರಿಗೇ ದೃಷ್ಟಿ ತೆಗೆದು ಹರಸಿದ್ರು. ಇಡೀ ದೇಶ ಅವತ್ತು ನೋಡಿದ್ದು ಆ ಕೈಗಳನ್ನ, ಆ ಘನತೆಯನ್ನ. ಆ ಹುಡುಗೀರಿಗೆ ನಿಮ್ಮ ಚೌಡಕಿ ಪದ ಒಂದು ಕೂತು ಕೇಳ್ಸಿ, ಅವ್ರು ಬೆಳೆದ ಊರಲ್ಲಿ ಯಾರೂ ಅವ್ರಿಗೆ ಇದನ್ನ ಕೊಟ್ಟಿರಲ್ಲ. ಗಡ್ಡದ ಹಸಿರು ನಿಮಗೇ ಕಿರಿಕಿರಿ ಅನ್ಸಿದ್ರೆ ಲೇಸರ್ ಇದೆ, ಕಪ್ಪು ಕೂದಲಿಗೆ ಕೆಲ್ಸ ಮಾಡುತ್ತೆ, ನರೆತಿದ್ದಕ್ಕೆ ಆಗಲ್ಲ, ಅದಕ್ಕೆ ಒಂದೊಂದೇ ಕೂದಲಿನ ಬುಡಕ್ಕೆ ಕರೆಂಟ್ ಕೊಡೋ ಎಲೆಕ್ಟ್ರಾಲಿಸಿಸ್ ಬೇಕು. ನಾಳೆ ನಿಮ್ಮ ಮನಸ್ಸಿಗೇ ಹಾರ್ಮೋನ್ ಬೇಕು ಅನ್ಸಿದ್ರೆ ವಯಸ್ಸು ಅಡ್ಡಿಯಲ್ಲ, ಆದ್ರೆ ಬಿಪಿ, ಸಕ್ಕರೆ, ಹೃದಯ ಎಲ್ಲಾ ನೋಡಿಸ್ಕೊಂಡೇ ಶುರು ಮಾಡ್ಬೇಕು.

ಪ್ರಶ್ನೆ: ಮೈಸೂರಿಂದ ಬರೀತಿದೀನಿ. ಹಾರ್ಮೋನ್ ಶುರುವಾಗಿ ಒಂಬತ್ತು ತಿಂಗಳು. ನನ್ ಜೊತೆ ಇರೋ ಹುಡುಗ ಎದೆ ಆಪರೇಷನ್ ಮಾಡಿಸ್ಕೋ, ದುಡ್ಡು ನಾನ್ ಕೊಡ್ತೀನಿ ಅಂತಿದಾನೆ. ಒಪ್ಕೊಳ್ಲಾ?

ಉತ್ತರ: ಅವಸರ ಬೇಡಮ್ಮ. ಎದೆ ಬೆಳೆಯೋದು ಎರಡು ಮೂರು ವರ್ಷ ನಡೆಯುತ್ತೆ, ಅದಕ್ಕೇ ಎರಡು ವರ್ಷ ಹಾರ್ಮೋನ್ ಆಗ್ಲಿ ಆಮೇಲೆ ನೋಡೋಣ ಅಂತ ತುಂಬಾ ಡಾಕ್ಟರು ಹೇಳ್ತಾರೆ. ಇಂಪ್ಲಾಂಟ್ ಜೀವನಪೂರ್ತಿ ಇರೋ ಸಾಮಾನೂ ಅಲ್ಲ, ಮುಂದೆ ಬದಲಾಯಿಸ್ಬೇಕಾಗ್ಬೋದು, ಆ ಖರ್ಚಿಗೆ ಆಗ ಅವನು ಇರ್ತಾನಾ? ಅವನು ಇಲ್ದಿದ್ರೂ ಇದು ನಂಗೆ ಬೇಕಿತ್ತಾ ಅಂತ ಕೇಳ್ಕೋ. ಹೌದು ಅಂತ ಬಂದ್ರೆ ಎರಡು ವರ್ಷ ಆದ್ಮೇಲೆ ನಿನ್ ದುಡ್ಡಲ್ಲಿ, ನೀನೇ ಆರಿಸಿದ ಸರ್ಜನ್ ಹತ್ರ ಮಾಡಿಸ್ಕೋ.

ಪ್ರಶ್ನೆ: ಅಕ್ಕಾ, ನನ್ ತಂಗಿ ಮದ್ವೆ, ಮನೆಯವ್ರು ಮೊದಲ ಸಲ ಸೀರೇಲಿ ಬಾ ಅಂತ ಕರ್ದಿದಾರೆ! ಭುಜ ಅಗಲ, ಹಿಪ್ಸ್ ಕಮ್ಮಿ. ಬ್ಲೌಸ್ ಹೆಂಗೆ ಹೊಲಿಸ್ಲಿ?

ಉತ್ತರ: ಓದಿ ನಂಗೇ ಹಬ್ಬ ಆದಂಗಾಯ್ತು! ಬಫ್ ತೋಳು, ಬೋಟ್ ನೆಕ್ ಭುಜವನ್ನ ಇನ್ನೂ ಅಗಲ ತೋರಿಸ್ತವೆ, ಹಂಗಾಗಿ ವಿ ಕತ್ತು, ಮೊಣಕೈವರೆಗಿನ ತೋಳು ಒಳ್ಳೇದು. ಭುಜದ ಹೊಲಿಗೆ ಭುಜದ ಅಂಚಿಗೆ ಬರೋ ಬದ್ಲು ಸ್ವಲ್ಪ ಒಳಗೆ ಬರ್ಲಿ ಅಂತ ಟೈಲರ್‌ಗೆ ಹೇಳು, ಬಗಲ ಹತ್ರ ಬಿಗಿ ಆಗ್ದಂಗೆ ಬಟ್ಟೆ ಬಿಡಿಸು, ಮದ್ವೇಲಿ ಕೈ ಎತ್ತಿ ಅಕ್ಷತೆ ಹಾಕ್ಬೇಕಲ್ಲ. ಸೆರಗನ್ನ ಬಿಡಿಯಾಗಿ ಹರಡ್ಬೇಡ, ಸಣ್ಣ ಮಡಿಕೆ ಮಾಡಿ ಪಿನ್ ಹಾಕು. ಕೆಳಗಡೆ ನೆರಿಗೆ ಜಾಸ್ತಿ ಇರೋ ಹತ್ತಿ ಲಂಗ ಹಾಕು, ಮೈಗೆ ಅಂಟೋ ಶೇಪ್‌ವೇರ್ ಬೇಡ, ರೇಷ್ಮೆ ಸೀರೆ ಆದ್ರೆ ತಾನೇ ಉಬ್ಬಿ ನಿಲ್ಲುತ್ತೆ. ಇಷ್ಟೆಲ್ಲಾ ಹೇಳಿದ್ಮೇಲೂ ನಿಂಗೆ ಬಫ್ ತೋಳೇ ಇಷ್ಟ ಅಂದ್ರೆ ಅದನ್ನೇ ಹೊಲಿಸು, ಮದ್ವೆ ಫೋಟೋದಲ್ಲಿ ಖುಷಿಯಾಗಿ ನಿಂತಿರ್ಬೇಕಾದೋಳು ನೀನು. ಮೊದ್ಲು ಕಮ್ಮಿ ಬೆಲೆ ಬಟ್ಟೇಲಿ ಒಂದು ಬ್ಲೌಸ್ ಹೊಲಿಸಿ ಹಾಕ್ಕೊಂಡು ನೋಡು, ಅಳತೆ ಸರಿ ಬಂದ್ಮೇಲೆ ರೇಷ್ಮೆ ತುಂಡು ಕೊಡು, ಮದ್ವೆ ಸೀಸನ್ನಲ್ಲಿ ಟೈಲರ್‌ಗಳು ತಡ ಮಾಡ್ತಾರೆ, ಈ ವಾರಾನೇ ಕೊಟ್ಬಿಡು.